ತಂಗುದಾಣವಿಲ್ಲದ ಮನೆಗಾಡಿ

ಮಂಗಳೂರಿನಿಂದ ಕಾರವಾರದವರೆಗೆ ಕಡಲಂಚಿನ ಹೆದ್ದಾರಿಯಲ್ಲಿ ಕ್ಯಾಂಪರ್ ವ್ಯಾನಿನಲ್ಲಿ ಸಾಗಬೇಕು, ಮರವಂತೆಯಲ್ಲಿ ಸಮುದ್ರ ಮತ್ತು ಸೌಪರ್ಣಿಕೆಯ ನಡುವೆ ಒಂದು ರಾತ್ರಿ ಕಳೆಯಬೇಕು ಎಂಬುದು ನಮ್ಮ ಬಹುದಿನಗಳ ಬಯಕೆ. ಮಳೆ ಅವಕಾಶ ಕೊಡಲಿಲ್ಲ. ಬಾಡಿಗೆಗೆ ಪಡೆದ ವಾಹನವನ್ನು ಹಿಂತಿರುಗಿಸಲು ಮನಸ್ಸಾಗದೆ ಶ್ರೀರಂಗಪಟ್ಟಣದತ್ತ ಹೊರಟೆವು.

ಹಾಸಿಗೆ, ಒಲೆ, ಪುಟ್ಟ ಶೌಚಾಲಯ ಎಲ್ಲವೂ ಇರುವ ಗಾಡಿಗೆ ಯಾರ ಹಂಗೂ ಬೇಡವೆಂದು ನಾವು ಭಾವಿಸಿದ್ದೆವು. ಆ ಭ್ರಮೆ ಮೊದಲ ರಾತ್ರಿಯೇ ಕಳೆಯಿತು. ನದಿಯ ದಂಡೆಯಲ್ಲಿ ನಿಲ್ಲಿಸಿದರೆ ಅನುಮಾನ, ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ರಾತ್ರಿಯಿಡೀ ಲಾರಿಗಳ ಆರ್ಭಟ.

ಬೀಡು ಬಿಡುವುದು ಈ ಸೀಮೆಗೆ ಹೊಸದೇನಲ್ಲ. ಹೈದರಾಲಿ ಮತ್ತು ಟಿಪ್ಪುವಿನ ನೆರವಿಗಿದ್ದ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದರಿಂದಲೇ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. 1800ರಲ್ಲಿ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕನನ್ ಮಲಬಾರ್ ಮತ್ತು ಕೆನರಾ ಕರಾವಳಿಯನ್ನಷ್ಟೇ ಅಲ್ಲ, ನಾಗಮಂಗಲ, ಮೇಲುಕೋಟೆ, ತೊಣ್ಣೂರುಗಳನ್ನೂ ಕಂಡವನು. ಅವನ ಹಿಂದೆ ಸರ್ಕಾರವಿತ್ತು ಎನ್ನಿ. ಆದರೆ ಸಾಮಾನ್ಯ ದಾರಿಹೋಕನಿಗೂ ಏರ್ಪಾಡುಗಳಿದ್ದವು. ಮೇಲುಕೋಟೆಯ ಮಂಟಪಗಳು, ಕೊಳಗಳು, ಛತ್ರಗಳು ಯಾತ್ರಿಕರನ್ನು ನೆನೆದೇ ಕಟ್ಟಿದಂಥವು. ಬೇಸಿಗೆಗೆ ಅರವಟ್ಟಿಗೆ, ನೆರಳಿಗೆ ಸಾಲುಮರ. ಇನ್ನು ಹೊರೆಗಲ್ಲು: ತಲೆಹೊರೆ ಹೊತ್ತವನು ಮತ್ತೊಬ್ಬರ ಸಹಾಯವಿಲ್ಲದೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ತಾನೇ ಎತ್ತಿಕೊಳ್ಳಲು ಆಳೆತ್ತರಕ್ಕೆ ನಿಲ್ಲಿಸಿದ ಕಲ್ಲು. ಪರಸ್ಥಳದವನ ಕುತ್ತಿಗೆಯ ನೋವನ್ನು ಯಾರೋ ಊಹಿಸಿದ್ದರು!

ಇಂದು ರಸ್ತೆ ಅಗಲವಾಗಿದೆ, ಇಳಿಸುವ ಜಾಗ ಮಾತ್ರ ಇಲ್ಲ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸ ನೀತಿ ಪ್ರಕಟಿಸಿದಾಗ ವಾಹನಗಳ ಜೊತೆಗೆ ಅವು ತಂಗುವ ಪಾರ್ಕುಗಳ ಮಾತನ್ನೂ ಆಡಿತು. ಅದು ಸರಿಯಾದ ಕ್ರಮ. ಏಕೆಂದರೆ ಗಾಡಿಯೊಳಗಿನ ಶೌಚಾಲಯದ ತೊಟ್ಟಿ ಎರಡು ಮೂರು ದಿನಕ್ಕೆ ತುಂಬುತ್ತದೆ. ತೊಣ್ಣೂರು ಕೆರೆಯ ಏರಿಯ ಮೇಲೆ ನಿಂತಾಗ, ಆ ತಿಳಿನೀರಿನ ಮುಂದೆ, ಈ ವಿಷಯ ನಮ್ಮನ್ನು ನಿಜಕ್ಕೂ ಕಾಡಿತು. ದಂಡೆಯಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ತಟ್ಟೆಗಳನ್ನು ಬಿಸುಟವರು ನಮ್ಮಂಥ ವಿದ್ಯಾವಂತ ಪ್ರವಾಸಿಗರೇ ಅಲ್ಲವೆ?

ಕೆ.ಆರ್. ಪೇಟೆಯ ಪಕ್ಕದ ಹೊಸಹೊಳಲಿನಲ್ಲಿ ಹೊಯ್ಸಳರ ಲಕ್ಷ್ಮೀನಾರಾಯಣ ದೇಗುಲವನ್ನು ನೋಡಿ ಹೊರಡುವಾಗ ಸಂಜೆಯಾಗಿತ್ತು. ನಾಗಮಂಗಲದ ದಾರಿಯಲ್ಲಿ ವೃದ್ಧ ರೈತರೊಬ್ಬರು ತಮ್ಮ ಕಣ ತೋರಿಸಿದರು.

“ಇಲ್ಲೇ ನಿಲ್ಸ್ಕಳಿ ಸ್ವಾಮಿ. ಊಟ ಆಯ್ತಾ?” ಎಂದವರು ಗಾಡಿಯ ಸುತ್ತ ಒಮ್ಮೆ ನಡೆದು ಕೇಳಿದರು: “ಒಳಗೇ ಎಲ್ಲಾ ಅದೆ ಅಂತೀರಲ್ಲ, ಆ ಗಲೀಜು ನೀರ್ನ ಎಲ್ಲಿಗ್ ಬುಡ್ತೀರಿ?”

ನಮ್ಮಲ್ಲಿ ಉತ್ತರವಿರಲಿಲ್ಲ. ನಾಲೆ ಹತ್ತಿರವಿತ್ತು, ಕತ್ತಲೆಯೂ ಇತ್ತು. ಬಾಡಿಗೆಗೆ ಕೊಟ್ಟವರು ಅಂಥದೇ ಸಲಹೆ ಕೊಟ್ಟಿದ್ದರು. ಬೆಳಿಗ್ಗೆ ಸೌಮ್ಯಕೇಶವನ ದರ್ಶನ ಮುಗಿಸಿ, ತುಂಬಿದ ತೊಟ್ಟಿಯನ್ನು ಹಾಗೆಯೇ ಹೊತ್ತು ಬೆಂಗಳೂರಿಗೆ ಮರಳಿ, ಮನೆಯ ಶೌಚಾಲಯದಲ್ಲಿ ಬಕೆಟ್ಟಿನಿಂದ ಖಾಲಿ ಮಾಡಿದೆವು.