14 ಕಿಲೋ ಹೆಚ್ಚಾಗಿದ್ದ ವಿಮಾನ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ವಿದ್ಯಾರ್ಥಿಗಳು ವಿಮಾನ ನೋಡಬೇಕೆಂದರೆ ಬೆಳಗಾವಿಯ ಸಾಂಬ್ರಾಕ್ಕೆ ಹೋಗುತ್ತಾರೆ. ಅವರಿಗೆ ಪುಷ್ಪಕ ಎಂದರೆ ನೆನಪಾಗುವುದು ರಾಮಾಯಣ. ಆದರೆ ಬೆಂಗಳೂರಿನ ಎಚ್‌ಎಎಲ್ ಕೂಡ ಒಂದು ‘ಪುಷ್ಪಕ್’ ತಯಾರಿಸಿತ್ತು. ಎರಡು ಸೀಟು, 90 ಅಶ್ವಶಕ್ತಿಯ ಎಂಜಿನ್, ಬಟ್ಟೆ ಹೊದಿಸಿದ ರೆಕ್ಕೆ. 1958ರಲ್ಲಿ ಮೊದಲು ಹಾರಿದ ಇದು ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಮಂದಿಗೆ ಹಾರಾಟ ಕಲಿಸಿತು. ಇದಕ್ಕೆ ಮಾದರಿ ಅಮೆರಿಕದ ‘ಏರೋಂಕಾ ಚೀಫ್’.

ಆ ಏರೋಂಕಾ ಮನೆತನದೊಳಗೇ 2004ರಲ್ಲಿ ಒಂದು ಗೆರೆ ಬಿತ್ತು. ಅಮೆರಿಕ ಸರ್ಕಾರ ‘ಲೈಟ್ ಸ್ಪೋರ್ಟ್’ ವಿಮಾನಗಳ ನಿಯಮ ತಂದಿತು. ಎರಡೇ ಸೀಟು, ತುಂಬಿದ ತೂಕ 1320 ಪೌಂಡ್, ಅಂದರೆ 600 ಕಿಲೋ ಮೀರಬಾರದು. ಇಂಥ ವಿಮಾನ ಹಾರಿಸಲು ಸಣ್ಣ ಪರವಾನಗಿ ಸಾಕು. ವೈದ್ಯಕೀಯ ಪ್ರಮಾಣಪತ್ರದ ಬದಲು ಕಾರಿನ ಲೈಸೆನ್ಸ್ ನಡೆಯುತ್ತದೆ. 1940ರ ದಶಕದ ವಿಮಾನ ಇಟ್ಟುಕೊಂಡ ಮುಪ್ಪಿನ ಮಾಲೀಕರಿಗೆ ಇದು ವರವೇ ಸರಿ.

ಆದರೆ ಎಲ್ಲರಿಗೂ ಅಲ್ಲ. 1250 ಪೌಂಡಿನ ಚೀಫ್ ಪಾಸಾಯಿತು. ಅದರ ತಮ್ಮ ‘ಸೂಪರ್ ಚೀಫ್’ 1350 ಪೌಂಡ್, ಫೇಲು! ಹೆಚ್ಚಾದದ್ದು 30 ಪೌಂಡ್, ಸುಮಾರು 14 ಕಿಲೋ, ಒಂದು ಕೊಡ ನೀರಿನಷ್ಟು. ಸಾಮಾನು ಇಳಿಸಿ ಹಾರಿದರಾಯಿತಲ್ಲ ಎಂದರೆ, ಇಲ್ಲ. ಲೆಕ್ಕಕ್ಕೆ ಬರುವುದು ಪ್ರಮಾಣಪತ್ರದಲ್ಲಿರುವ ಗರಿಷ್ಠ ತೂಕ. ಆಮೇಲೆ ಕಾಗದದಲ್ಲಿ ಇಳಿಸಿಕೊಂಡರೂ ಒಪ್ಪುವುದಿಲ್ಲ.

2025ರ ಹೊಸ ನಿಯಮ ತೂಕವನ್ನೇ ಕೈಬಿಟ್ಟು ಸ್ಟಾಲ್ ವೇಗವನ್ನು ಅಳತೆ ಮಾಡಿಕೊಂಡಿತು. ಯಾವ ವೇಗಕ್ಕಿಂತ ಕೆಳಗಿಳಿದರೆ ರೆಕ್ಕೆ ವಿಮಾನವನ್ನು ಹೊರಲಾರದೋ ಅದೇ ಸ್ಟಾಲ್ ವೇಗ. ಹಿಂದೆ 45 ನಾಟ್ ಇದ್ದ ಮಿತಿ ಈಗ 59 ನಾಟ್, ಗಂಟೆಗೆ ಸುಮಾರು 109 ಕಿ.ಮೀ. ಸೂಪರ್ ಚೀಫ್ ಸಲೀಸಾಗಿ ಒಳಗೆ ಬಂತು. ನನಗೆ ಇದೇ ಸರಿ ಎನಿಸುತ್ತದೆ. ತೂಕ ಎರಡು ಪಟ್ಟಾದರೆ ಚಲನಶಕ್ತಿ ಎರಡು ಪಟ್ಟು. ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. ಹೊಲದಲ್ಲಿ ಇಳಿಯಬೇಕಾಗಿ ಬಂದಾಗ ಜೀವ ಉಳಿಸುವುದು ನಿಧಾನಗತಿಯೇ.

ರಿಯಾಯಿತಿ ಪೈಲಟನಿಗೆ ಮಾತ್ರ ಎಂಬುದನ್ನು ಮರೆಯಬಾರದು. ಹಳೆಯ ವಿಮಾನಕ್ಕೆ ಪ್ರತಿವರ್ಷ ಅರ್ಹ ಮೆಕ್ಯಾನಿಕ್‌ನಿಂದ ತಪಾಸಣೆ ಈಗಲೂ ಕಡ್ಡಾಯ.

ನಮ್ಮ ದೇಶದಲ್ಲಿ ಕಾರಿನ ಲೈಸೆನ್ಸ್ ತೋರಿಸಿ ಹಾರುವಂತಿಲ್ಲ. ಖಾಸಗಿ ಪೈಲಟ್ ಪರವಾನಗಿಗೂ ವೈದ್ಯಕೀಯ ಪರೀಕ್ಷೆ ಬೇಕೇ ಬೇಕು. ಮಕ್ಕಳನ್ನು ಹಾರಾಟದ ತರಬೇತಿಗೆ ಕಳಿಸುವ ಆಸೆಯಿರುವ ಪಾಲಕರು ಲಕ್ಷಗಟ್ಟಲೆ ಫೀ ಕಟ್ಟುವ ಮೊದಲು ಆ ಪರೀಕ್ಷೆ ಮಾಡಿಸಲಿ. ಕನ್ನಡಕ ಇದ್ದರೆ ಚಿಂತೆಯಿಲ್ಲ, ಬಣ್ಣಗುರುಡು ಅಡ್ಡಿಯಾದೀತು.