ಮೆಟ್ಟಿಲ ಕೆಳಗಿನ ತಂಪು

ಏಪ್ರಿಲ್ ತಿಂಗಳ ಮಧ್ಯಾಹ್ನ. ಬೆಂಗಳೂರಿನ ಫ್ರೇಜರ್ ಟೌನಿನ ಒಂದು ಹಳೆ ಬಂಗಲೆಯ ಅಂಗಳದಲ್ಲಿ ಕಾಲಿಡಲಾಗದಷ್ಟು ಬಿಸಿಲು. ಮಹಡಿ ಮೆಟ್ಟಿಲ ಕೆಳಗೆ, ಒಂದು ಕಾಲಕ್ಕೆ ಸೌದೆ ತುಂಬುತ್ತಿದ್ದ ಕಲ್ಲುಗೋಡೆಯ ಕೋಣೆಯ ಬಾಗಿಲನ್ನು ಅರ್ಧವೇ ತೆರೆದು ಯಜಮಾನರು ಕರೆಯುತ್ತಾರೆ: "ಬೇಗ ಒಳಗೆ ಬನ್ನಿ, ತಂಪು ಹೋಗತ್ತೆ."

ತಲೆ ಬಗ್ಗಿಸಿ ನುಗ್ಗಿದರೆ ಮೊದಲು ಒದ್ದೆ ಕಲ್ಲಿನ ವಾಸನೆ, ಹಿಂದೆಯೇ ಹಳೆ ಮರದ ವಾಸನೆ. ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಹಲಗೆಗಳ ಮೇಲೆ ಅಡ್ಡಡ್ಡ ಮಲಗಿದ ವೈನ್ ಬಾಟಲಿಗಳು, ಅವುಗಳ ಮೇಲಿನ ತೆಳು ದೂಳು, ಮೂಲೆಯ ಮಣ್ಣಿನ ಬೋಗುಣಿಯಲ್ಲಿ ತುಂಬಿಟ್ಟ ನೀರು ಒಂದೊಂದಾಗಿ ಕಾಣುತ್ತವೆ. ಗಾಳಿಯಲ್ಲಿ ಪಸೆ ಇರಬೇಕು, ಬಿರಡೆ ಸದಾ ವೈನ್‌ನಲ್ಲಿ ನೆನೆಯುತ್ತಿರಬೇಕು. ಒಣಗಿ ಕುಗ್ಗಿದರೆ ಗಾಳಿ ನುಗ್ಗಿ ಒಳಗಿನದೆಲ್ಲ ಹುಳಿಹುಳಿ. ತಿರುಪಿನ ಮುಚ್ಚಳದವಕ್ಕೆ ಈ ಉಪಚಾರ ಬೇಡ, ನಿಂತೇ ಇರುತ್ತವೆ. ಗೋಡೆಯ ಮಾಪಕ 13 ಡಿಗ್ರಿ ತೋರಿಸುತ್ತಿದೆ. ಕಲ್ಲುಗೋಡೆಯನ್ನೇ ನಂಬಿ ಕಳೆದ ಮೊದಲ ಎರಡು ಬೇಸಿಗೆಯಲ್ಲಿ ಎಷ್ಟೋ ಬಾಟಲಿಗಳಿಗೆ ಬೆಂದ ಹಣ್ಣಿನ ರುಚಿ ಬಂದಿತ್ತಂತೆ. ಮೇಲೆ ಸಣ್ಣಗೆ ಗುಂಯ್‌ಗುಡುವ ತಂಪಿನ ಯಂತ್ರ ಆ ಪಾಠದ ಫಲ.

"ಮಾವಿನಹಣ್ಣೂ ಇದೆ, ಹುಣಸೆಹಣ್ಣೂ ಇದೆ. ಮಾವು ಕಾಯಲ್ಲ, ಹುಣಸೆ ಕಾಯತ್ತೆ" ಎನ್ನುತ್ತಾ ಅವರು ಕೆಳಸಾಲಿನ ಬಾಟಲಿಗಳನ್ನು ಸವರುತ್ತಾರೆ. ಅಂಗಡಿಯಲ್ಲಿ ಸಿಗುವ ವೈನ್‌ನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಾವಿನಂತೆ ಕಾಯದ ಜಾತಿಯದೇ. ತಾಜಾ ಹುಳಿಯ ಬಿಳಿ ಸೋವಿನ್ಯೋನ್ ಬ್ಲಾಂಕ್ ಒಂದೆರಡು ವರ್ಷದೊಳಗೆ ಕುಡಿದರೇ ಚೆಂದ. ಹುಳಿ, ಒಗರು, ಹಣ್ಣಿನ ಸತ್ವ ಮೂರೂ ಗಟ್ಟಿಯಾಗಿರುವ ಕೆಂಪು ಕಾಯಲು ಯೋಗ್ಯ. ಬೋರ್ಡೋ ಸೀಮೆಯ ಕ್ಯಾಬರ್ನೆ ಅವರ ಹಲಗೆಯ ಹಿರಿಯ. ಪಕ್ಕದಲ್ಲೇ ನಮ್ಮ ನಂದಿಬೆಟ್ಟದ ತಪ್ಪಲಿನದು. 1988ರಲ್ಲಿ ಗ್ರೋವರ್ ಕುಟುಂಬ ಅಲ್ಲಿ ಫ್ರೆಂಚ್ ದ್ರಾಕ್ಷಿ ತಳಿಗಳ ತೋಟ ಶುರುಮಾಡಿತು. ನಮ್ಮ ಬಳ್ಳಿಗೆ ಯುರೋಪಿನಂತೆ ಚಳಿನಿದ್ದೆ ಇಲ್ಲ. ವರ್ಷಕ್ಕೆ ಎರಡು ಸಲ ಸವರಿ, ಒಂದೇ ಸಲ ಕೊಯ್ಯುತ್ತಾರೆ.

ನಿನ್ನೆಯಿಂದ ನೆಟ್ಟಗೆ ನಿಲ್ಲಿಸಿದ್ದ ಒಂದು ಬಾಟಲಿ ಮೇಜಿಗೆ ಬರುತ್ತದೆ. ಬಿರಡೆ ನಿಧಾನ ಮೇಲೇರಿ, ನಿಟ್ಟುಸಿರಿನಷ್ಟೇ ಸದ್ದು ಮಾಡಿ ಬಿಡುತ್ತದೆ. ಕತ್ತಿನ ಹಿಂದೆ ಮೇಣದಬತ್ತಿ ಹಚ್ಚಿಟ್ಟು, ಗಾಜಿನ ಹೂಜಿಗೆ ಎಣ್ಣೆ ಬಗ್ಗಿಸುವಷ್ಟು ನಾಜೂಕಾಗಿ ಸುರಿಯುತ್ತಾರೆ. ಕಪ್ಪು ಗಸಿಯ ಎಳೆ ಕತ್ತಿಗೆ ಬಂದೊಡನೆ ಕೈ ನಿಲ್ಲುತ್ತದೆ. ವರ್ಷಗಟ್ಟಲೆ ಒಗರೂ ಬಣ್ಣವೂ ಒಂದಕ್ಕೊಂದು ಅಂಟಿ ತಳಕ್ಕಿಳಿದದ್ದೇ ಆ ಗಸಿ. ಅದಕ್ಕೇ ಲೋಟದ ಅಂಚಿನಲ್ಲಿ ಎಳೆಯ ವೈನಿನ ನೇರಳೆ ಇಲ್ಲ, ಇಟ್ಟಿಗೆ ಕೆಂಪು ಇದೆ. ಮೂಗಿಗೆ ಒಣದ್ರಾಕ್ಷಿ, ತೊಗಲು, ಮಳೆಬಿದ್ದ ತೋಟದ ತರಗೆಲೆ.

"ಇಡೋದಾದ್ರೆ ಒಂದೇ ಬಗೆಯದು ಆರು ತಗೊಳ್ಳಿ. ವರ್ಷಕ್ಕೊಂದು ತೆಗೀರಿ. ಒಂದೇ ಇದ್ರೆ, ಹೊತ್ತು ಬಂತೋ ಮೀರಿತೋ ಗೊತ್ತಾಗಲ್ಲ" ಎಂದು ಅವರು ರಟ್ಟು ಸವೆದ ನೋಟ್‌ಬುಕ್ ಬಿಡಿಸುತ್ತಾರೆ. ಈ ಬಾಟಲಿಯ ಪುಟದಲ್ಲಿ ಮೊದಲ ವರ್ಷ "ಒಗರು", ಎರಡನೆಯದು "ಇನ್ನೂ ಒಗರು", ಮೂರನೆಯದು "ಪರವಾಗಿಲ್ಲ". ಒಂದು ಗುಟುಕು ನುಂಗಿ, ತುಸು ಸುಮ್ಮನಿದ್ದು, ಕೆಳಗೆ ಇವತ್ತಿನ ಸಾಲು ಬರೆಯುತ್ತಾರೆ: "ಉಳಿದ ಎರಡನ್ನು ಇನ್ನು ಕಾಯಿಸಬಾರದು."