ಒಂದೇ ದಿನ, ಬೇರೆ ಬೇರೆ ಪ್ರಾರ್ಥನೆ

ಪೀತಮ್‌ಪುರದಲ್ಲಿ ರೆಡ್ ಲೈನ್ ಮೆಟ್ರೋ ಹತ್ತಿ, ಕಶ್ಮೀರಿ ಗೇಟ್‌ನಲ್ಲಿ ಬದಲಾಯಿಸಿ ಖಾನ್ ಮಾರ್ಕೆಟ್‌ಗೆ ಇಳಿದರೆ, ಹುಮಾಯೂನ್ ರಸ್ತೆಯಲ್ಲಿ ಜೂಡಾ ಹಯಾಮ್ ಸಿನಗಾಗ್ ಸಿಗುತ್ತದೆ. ದೆಹಲಿಯ ಪುಟ್ಟ ಯಹೂದಿ ಸಮುದಾಯದ ಈ ಪ್ರಾರ್ಥನಾ ಮಂದಿರ 1956ರದು. ನಮ್ಮ ನಾಡು ಒಂದಾದದ್ದೂ ಅದೇ ವರ್ಷ. ನಾಡು ಹುಟ್ಟಿದ ದಿನವನ್ನು ದೇವರ ಮುಂದೆ ಆಚರಿಸಬಹುದೇ?

ನಮಗಿದು ಪ್ರಶ್ನೆಯೇ ಅಲ್ಲ. ನವೆಂಬರ್ 1ರಂದು ಭುವನೇಶ್ವರಿಯ ಪಟಕ್ಕೆ ಹಾರ ಹಾಕಿ, ನಾಡಗೀತೆ ಹಾಡಿ, ಬಿಸಿಬೇಳೆಬಾತ್ ಉಂಡು ಮನೆಗೆ ಬರುತ್ತೇವೆ. ಯಹೂದಿ ಆಸ್ತಿಕರಲ್ಲಿ ಮಾತ್ರ ಈ ಚರ್ಚೆ ಇನ್ನೂ ಮುಗಿದಿಲ್ಲ.

ಇಸ್ರೇಲ್ ಘೋಷಣೆಯಾದದ್ದು 1948ರ ಮೇ 14ರಂದು, ಹೀಬ್ರೂ ಪಂಚಾಂಗದ ಇಯಾರ್ ಮಾಸದ 5ನೇ ದಿನ. ನಮ್ಮ ಯುಗಾದಿಯಂತೆ ಅವರ ಸ್ವಾತಂತ್ರ್ಯ ದಿನಕ್ಕೂ ತಿಥಿಯೇ ಲೆಕ್ಕ. ತೊಡಕೆಂದರೆ, ಅದು ಬೀಳುವುದು ಓಮೆರ್ ಎಂಬ 49 ದಿನಗಳ ಎಣಿಕೆಯ ನಡುವೆ. ಆ ಅವಧಿಯ ಬಹುಭಾಗದಲ್ಲಿ, ನಮ್ಮ ಆಷಾಢದ ಹಾಗೆ, ಮದುವೆಗಳಿಲ್ಲ. ಅನೇಕರು ಕ್ಷೌರವನ್ನೂ ಮಾಡಿಸುವುದಿಲ್ಲ.

ರಾಷ್ಟ್ರವಾದಿ ಆಸ್ತಿಕರು ಈ ನಿಯಮವನ್ನು ಅಂದು ಸಡಿಲಿಸಿ, ಹಬ್ಬಗಳಲ್ಲಿ ಹೇಳುವ ‘ಹಲ್ಲೆಲ್’ ಸ್ತೋತ್ರವನ್ನು ಹೇಳುತ್ತಾರೆ. ರಾಜ್ಯ ಸಿಕ್ಕಿದ್ದು ದೈವಕೃಪೆ ಎಂಬುದು ಅವರ ನಂಬಿಕೆ. ಓವಾಡಿಯಾ ಯೋಸೆಫ್ ಅವರಂಥ ಧರ್ಮಗುರುಗಳು ಹಲ್ಲೆಲ್‌ಗೆ ಒಪ್ಪಿದರೂ, ಅದರ ಮುಂಚಿನ ಆಶೀರ್ವಚನ ಬೇಡವೆಂದರು. ಹರೇದಿಗಳಲ್ಲಿ ಬಹುಪಾಲು ಜನರಿಗೆ ಅದು ಮಾಮೂಲಿ ದಿನ. ಹಬ್ಬದಂದು ಬಿಡುವ ‘ತಹನುನ್’ ಎಂಬ ಪಶ್ಚಾತ್ತಾಪದ ಪ್ರಾರ್ಥನೆಯನ್ನೂ ಅವರು ಬಿಡುವುದಿಲ್ಲ. ಸತ್ಮಾರ್ ಪಂಥದ ಯೋಯೆಲ್ ಟೈಟೆಲ್‌ಬಾಮ್ ಅವರಂತೂ ಮೆಸ್ಸಾಯ ಬರುವ ಮೊದಲು ರಾಜ್ಯ ಕಟ್ಟಿದ್ದೇ ತಪ್ಪೆಂದು ವಾದಿಸಿದರು. ನೆಟೂರೆ ಕಾರ್ತಾದವರಿಗೆ ಅದು ಶೋಕದ ದಿನ.

ಇವರ ನಡುವೆ ಬ್ನೇ ಬ್ರಾಕ್‌ನ ಪೊನೆವೆಜ್ ಗುರುಕುಲದ ಕಹನೆಮನ್ ಅವರ ದಾರಿಯೇ ಬೇರೆ. ಅವರು ಅಂದು ಛಾವಣಿಯ ಮೇಲೆ ಇಸ್ರೇಲ್ ಧ್ವಜ ಹಾರಿಸುತ್ತಿದ್ದರು. ಆದರೆ ಹಲ್ಲೆಲ್ ಹೇಳುತ್ತಿರಲಿಲ್ಲ, ತಹನುನ್ ಕೂಡ ಹೇಳುತ್ತಿರಲಿಲ್ಲವಂತೆ. ಕೇಳಿದವರಿಗೆ, ‘ಪ್ರಧಾನಿ ಬೆನ್ ಗುರಿಯನ್ ಕೂಡ ಹೀಗೇ, ಎರಡನ್ನೂ ಹೇಳುವುದಿಲ್ಲ’ ಎಂದು ನಕ್ಕರೆಂಬ ಕಥೆಯಿದೆ.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ಕಾಸರಗೋಡು. ನಾವು ಬಾವುಟ ಹಾರಿಸುವ ಅದೇ ನವೆಂಬರ್ 1, 1956ರಂದು ಅಲ್ಲಿನ ಕನ್ನಡಿಗರು ಕೇರಳದ ಪಾಲಾದರು. ಅಲ್ಲಿನ ಗೆಳೆಯನೊಬ್ಬನಿಗೆ ಪ್ರತಿವರ್ಷ ‘ರಾಜ್ಯೋತ್ಸವದ ಶುಭಾಶಯ’ ಎಂದು ಸಂದೇಶ ಕಳಿಸುತ್ತಿದ್ದೆ. ‘ನಿಮಗೆ ಹಬ್ಬ, ನಮಗೆ ಲೆಕ್ಕ ತಪ್ಪಿದ ದಿನ ಮಾರಾಯ’ ಎಂದು ಒಮ್ಮೆ ಉತ್ತರಿಸಿದ. ಅವನ ಕನ್ನಡ ನನ್ನದಕ್ಕಿಂತ ಕಡಿಮೆಯೇನಲ್ಲ. ಈ ಸಲ ಶುಭಾಶಯ ಕಳಿಸುವ ಬದಲು ಫೋನ್ ಮಾಡುತ್ತೇನೆ.